ಚಳಿಗಾಲದ ಗಾಲ್ಫ್: ಚಳಿಯ ಪಾಲು, ಮನಸ್ಸಿನ ಪಾಲು

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಸೇಂಟ್ ಆಂಡ್ರೂಸ್‌ನಲ್ಲಿ ಡಿಸೆಂಬರಿನ ಹಗಲಿನ ಅವಧಿ ಸುಮಾರು 7 ಗಂಟೆಗಳಿಗೆ ಇಳಿದರೂ ಗಾಲ್ಫ್ ಆಟ ನಿಲ್ಲುವುದಿಲ್ಲ; ಆದರೆ ಅಲ್ಲಿನ ಓಲ್ಡ್ ಕೋರ್ಸ್‌ನ ಫೇರ್‌ವೇಯಲ್ಲಿ, ಅಂದರೆ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿದ ಆಟದ ಹಾದಿಯಲ್ಲಿ, ನೆಲ ಕಿತ್ತುಹೋಗದಿರಲೆಂದು ಚಳಿಗಾಲದಲ್ಲಿ ಚೆಂಡನ್ನು ಕೃತಕ ಹುಲ್ಲಿನ ಪುಟ್ಟ ಚಾಪೆಯ ಮೇಲಿಟ್ಟು ಹೊಡೆಯಬೇಕಾಗುತ್ತದೆ. ಇಂಥ ದಿನಗಳಲ್ಲಿ ಆಟ ಕುಗ್ಗುವುದು ಸಹಜವಾದರೂ, ಆ ಕುಗ್ಗುವಿಕೆಯಲ್ಲಿ ಚಳಿಯ ಪಾಲೆಷ್ಟು, ಮನಸ್ಸಿನ ಪಾಲೆಷ್ಟು ಎಂಬುದನ್ನು ಬೇರೆಬೇರೆಯಾಗಿ ನೋಡುವುದು ಅಗತ್ಯ.

ಚಳಿಯ ಪಾಲು ಸ್ಪಷ್ಟವಾಗಿದೆ. 20 ಡಿಗ್ರಿ ಸೆಲ್ಸಿಯಸ್‌ನ ಗಾಳಿಗಿಂತ ಸೊನ್ನೆ ಡಿಗ್ರಿಯ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ಸಾಂದ್ರವಾಗಿರುವುದರಿಂದ ಚೆಂಡಿಗೆ ಎದುರಾಗುವ ತಡೆ ಹೆಚ್ಚುತ್ತದೆ. ತಣ್ಣಗಾದ ಚೆಂಡಿನ ಪುಟಿತ ತಗ್ಗುತ್ತದೆ. ಮರಗಟ್ಟಿದ ಬೆರಳುಗಳಲ್ಲಿ ಸ್ಪರ್ಶಜ್ಞಾನ ಮಂಕಾಗುತ್ತದೆ. ಒದ್ದೆ ನೆಲಕ್ಕೆ ಬಿದ್ದ ಚೆಂಡು ಹೆಚ್ಚು ದೂರ ಉರುಳುವುದಿಲ್ಲ.

ಮನಸ್ಸಿನ ಪಾಲು ಇಲ್ಲಿಂದ ಮುಂದೆ ಆರಂಭವಾಗುತ್ತದೆ. ಪ್ರತಿ ಹೊಡೆತಕ್ಕೂ ಮೊದಲು ಮಿದುಳು ಹಳೆಯ ಅನುಭವದ ಆಧಾರದ ಮೇಲೆ ಅದರ ಫಲವನ್ನು ಊಹಿಸಿರುತ್ತದೆ. ಊಹೆಗೂ ಫಲಕ್ಕೂ ನಡುವಿನ ಅಂತರವನ್ನು ವಿಜ್ಞಾನಿಗಳು ಮುನ್ಸೂಚನಾ ದೋಷ ಎನ್ನುತ್ತಾರೆ. ಚೆಂಡು ಊಹಿಸಿದ್ದಕ್ಕಿಂತ ಮೊದಲೇ ನೆಲ ಸೇರಿದಾಗ, ಕಾರಣ ಗಾಳಿಯಲ್ಲಿದ್ದರೂ, ಆಟಗಾರ ಅದನ್ನು ತನ್ನ ತೋಳಿನಲ್ಲಿ ಹುಡುಕತೊಡಗಿದರೆ, ವರ್ಷಗಳ ಅಭ್ಯಾಸದಿಂದ ತಾನಾಗಿ ನಡೆಯುತ್ತಿದ್ದ ಚಲನೆಯನ್ನು ಬಿಡಿಬಿಡಿಯಾಗಿ ತಿದ್ದಲು ಹೊರಡುತ್ತಾನೆ.

ಈ ಬಗೆಯ ಸ್ವಯಂ ನಿಗಾ ಕೌಶಲಕ್ಕೆ ಹೇಗೆ ಅಡ್ಡಬರಬಲ್ಲದು ಎಂಬುದರ ಬಗ್ಗೆ ಅಮೆರಿಕದ ಮನೋವಿಜ್ಞಾನಿಗಳಾದ ಸಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಬೆಳಕು ಚೆಲ್ಲುತ್ತದೆ. ಚೆಂಡನ್ನು ಮೆಲ್ಲನೆ ಕುಳಿಯತ್ತ ಉರುಳಿಸುವ ಪಟಿಂಗ್‌ನಲ್ಲಿ, ನುರಿತ ಆಟಗಾರರಿಗೆ ಆಗಷ್ಟೇ ಹೊಡೆದ ಹೊಡೆತದ ವಿವರಗಳು ಹೊಸಬರಿಗಿಂತ ಕಡಿಮೆ ನೆನಪಿದ್ದವು, ಏಕೆಂದರೆ ಅವರ ಗಮನ ಚಲನೆಯ ಹಂತಗಳ ಮೇಲೆ ಇರಲಿಲ್ಲ. ಆದರೆ ಹಿಡಿಕೆ ವಕ್ರವಾಗಿದ್ದ ವಿಚಿತ್ರ ಪಟ್ಟರನ್ನು, ಅಂದರೆ ಪಟಿಂಗ್‌ನ ಕೋಲನ್ನು, ಅವರ ಕೈಗಿತ್ತಾಗ ಆ ಗಮನ ಮರಳಿತು, ನೆನಪೂ ಹೆಚ್ಚಿತು. ಕೃತಕ ಚಾಪೆ, ದಪ್ಪ ಉಡುಪು ಮತ್ತು ಮರಗಟ್ಟಿದ ಕೈಗಳೂ ಗಮನವನ್ನು ಹೀಗೆಯೇ ಒಳಕ್ಕೆ ಎಳೆಯಬಲ್ಲವು.

ಆದ್ದರಿಂದ ಚಳಿಯ ಲೆಕ್ಕವನ್ನು ಹೊಡೆತಕ್ಕೆ ಮೊದಲೇ ಮುಗಿಸಿ, ಹೆಚ್ಚು ದೂರ ಹೊಡೆಯುವ ಕ್ಲಬ್ಬನ್ನು ಆರಿಸಿಕೊಂಡು, ಹೊಡೆಯುವಾಗ ಗುರಿಯ ಮೇಲೆ ಮಾತ್ರ ಮನಸ್ಸಿಡುವುದು ಸೂಕ್ತ. ಬೇಸಿಗೆಯ ಅಂಕಗಳನ್ನು ಮಾನದಂಡವಾಗಿಟ್ಟುಕೊಳ್ಳದೆ, ಆಯ್ಕೆ ಸರಿಯಾಗಿತ್ತೇ ಎಂಬುದರಿಂದ ಆಟವನ್ನು ಅಳೆಯುವವನು ವಸಂತ ಬಂದಾಗ ತನ್ನ ಹೊಡೆತವನ್ನು ಹೊಸದಾಗಿ ಕಲಿಯಬೇಕಾಗುವುದಿಲ್ಲ.