ಪುಟದೋಷವೋ, ಪುಟಲೋಪವೋ?

ಛತ್ರಪತಿ ಸಂಭಾಜಿನಗರ ಜಿಲ್ಲೆಯ ಎಲ್ಲೋರದ ದಶಾವತಾರ ಗುಹೆಯಲ್ಲಿ ರಾಷ್ಟ್ರಕೂಟ ದಂತಿದುರ್ಗನ ಶಾಸನವೊಂದಿದೆ, ಅದು ಅಪೂರ್ಣ. ಇಂತಹ ಪಾಠವನ್ನು ಸಂಪಾದಿಸುವವರು ಬರೆಹ ನಿಂತ ಎಡೆಯನ್ನು ಮೊದಲು ಗುರುತಿಸುತ್ತಾರೆ. ಊಹೆ ಅನಂತರದ ಮಾತು. ಗಣಕಯಂತ್ರವೂ ತನ್ನ ಓದಿನಲ್ಲಿ ಇಂತಹುದೇ ಶಿಸ್ತನ್ನು ಪಾಲಿಸುತ್ತದೆ. ಅಲ್ಲಿ ಉಂಟಾಗುವ ‘ಪೇಜ್ ಫಾಲ್ಟ್’ ಎಂಬುದನ್ನು ‘ಪುಟದೋಷ’ ಎಂದು ಅನುವಾದಿಸುವುದು ಉಚಿತವೇ ಎಂಬುದು ಇಲ್ಲಿಯ ಪ್ರಶ್ನೆ.

ಸ್ಮೃತಿಯನ್ನು ಪುಟಗಳಾಗಿ ವಿಭಾಗಿಸುವ ಕ್ರಮ 1962ರಲ್ಲಿ ಕಾರ್ಯಾರಂಭ ಮಾಡಿದ ಮ್ಯಾಂಚೆಸ್ಟರಿನ ಅಟ್ಲಾಸ್ ಗಣಕದಲ್ಲಿತ್ತು. 1985ರ ಇಂಟೆಲ್ 80386 ಪ್ರೊಸೆಸರಿನಲ್ಲಿ ಪುಟವೊಂದಕ್ಕೆ 4096 ಬೈಟುಗಳು. ಬೇಕಾದ ಪುಟ ಸ್ಮೃತಿಯಲ್ಲಿ ಇಲ್ಲದಿದ್ದರೆ ಅಥವಾ ಅದನ್ನು ಮುಟ್ಟಲು ಅನುಮತಿ ಇಲ್ಲದಿದ್ದರೆ ಪ್ರೊಸೆಸರು ನಡೆಯುತ್ತಿರುವ ಆದೇಶವನ್ನು ತಡೆದು 14ನೆಯ ಸೂಚನೆಯನ್ನು ಎಬ್ಬಿಸುತ್ತದೆ. ಅರಸಿದ ವಿಳಾಸವನ್ನು ಸಿಆರ್2 ಎಂಬ ರಿಜಿಸ್ಟರಿನಲ್ಲಿಯೂ, ತಡೆದ ಆದೇಶದ ವಿಳಾಸವನ್ನೂ ಕಾರಣಸೂಚಕ ಅಂಕವನ್ನೂ ಸ್ಟ್ಯಾಕಿನಲ್ಲಿಯೂ ಇರಿಸುತ್ತದೆ.

ಮುಂದಿನ ಹೊಣೆ ಆಪರೇಟಿಂಗ್ ಸಿಸ್ಟಮ್ಮಿನದು. ಅದರ ಮೊದಲ ಸಾಲುಗಳು ಸಾಮಾನ್ಯವಾಗಿ ಅಸೆಂಬ್ಲಿ ಭಾಷೆಯಲ್ಲಿರುತ್ತವೆ. ಮೇಲ್ಮಟ್ಟದ ಭಾಷೆಯಾದರೆ ರಿಜಿಸ್ಟರುಗಳನ್ನು ತನ್ನ ಕೆಲಸಕ್ಕೆ ಬಳಸಿ ಹಳೆಯ ಮೌಲ್ಯಗಳನ್ನು ಅಳಿಸಿಬಿಡಬಹುದು. ಆದುದರಿಂದ ಮೊದಲು ರಿಜಿಸ್ಟರುಗಳನ್ನು ಸ್ಟ್ಯಾಕಿನಲ್ಲಿ ಕಾದಿರಿಸಬೇಕು. ಇಂತಹ ಮತ್ತೊಂದು ಅಡ್ಡಿ ಬರುವ ಮುನ್ನ ಸಿಆರ್2ನ್ನು ಓದಿಕೊಳ್ಳಬೇಕು. ನಿರ್ಣಯ ಆಮೇಲೆ: ಪುಟ ಡಿಸ್ಕಿನಲ್ಲಿದ್ದರೆ ತರಿಸುವುದು, ಹಂಚಿಕೆಯೇ ಆಗದ ವಿಳಾಸವಾದರೆ ಪ್ರೋಗ್ರಾಮನ್ನು ಕೊನೆಗೊಳಿಸುವುದು. ಮರಳುವಾಗ ಕಾರಣಸೂಚಕದ 4 ಬೈಟುಗಳನ್ನು ಸ್ಟ್ಯಾಕಿನಿಂದ ತೆಗೆಯಲು ಮರೆತರೆ, ಆ ಅಂಕವನ್ನೇ ಮರಳಬೇಕಾದ ವಿಳಾಸವೆಂದು ಯಂತ್ರ ಬಗೆಯುತ್ತದೆ. ನಿರ್ವಹಣೆಯ ಕ್ರಮಕ್ಕೆ ಪ್ರವೇಶಿಸುವಾಗಲೇ ಇನ್ನೊಂದು ಪುಟ ಕಾಣದಾದರೆ 8ನೆಯ ಸೂಚನೆ ಏಳುತ್ತದೆ. ಅದೂ ವಿಫಲವಾದರೆ ಪ್ರೊಸೆಸರು ಸ್ಥಗಿತಗೊಂಡು, ಸಾಮಾನ್ಯವಾಗಿ ಯಂತ್ರವೇ ಮೊದಲಿನಿಂದ ಆರಂಭವಾಗುತ್ತದೆ.

ಎಲ್ಲವೂ ಕ್ರಮವಾಗಿ ನಡೆದರೆ, ತಡೆದ ಆದೇಶವೇ ಮತ್ತೆ ನಡೆಯುತ್ತದೆ. ಪ್ರೋಗ್ರಾಮಿಗೆ ಅಡ್ಡಿಯ ಅರಿವೂ ಆಗದು. ಇದನ್ನು ದೋಷವೆನ್ನುವುದು ಹೇಗೆ? ಪಾಣಿನಿಯ ಪ್ರಕಾರ ಲೋಪವೆಂದರೆ ಕಾಣದಿರುವಿಕೆ. ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಲೋಪವಾದ ಉಕಾರವನ್ನು ಯಾರೂ ತಪ್ಪೆನ್ನುವುದಿಲ್ಲ.

ಕಾರಣಸೂಚಕದ ಕಟ್ಟಕಡೆಯ ಬಿಟ್ 0 ಆದರೆ ಪುಟವಿಲ್ಲ, 1 ಆದರೆ ಅನುಮತಿ ಮೀರಿದೆ ಎಂದರ್ಥ. ಮೊದಲನೆಯದನ್ನು ‘ಪುಟಲೋಪ’ ಎಂದೂ ಎರಡನೆಯದನ್ನು ‘ಪುಟಾತಿಕ್ರಮ’ ಎಂದೂ ಕರೆಯಬಹುದು. ಯಂತ್ರವೇ ಒಂದು ಬಿಟ್ಟಿನಲ್ಲಿ ಕಾಪಾಡಿಕೊಂಡಿರುವ ಭೇದವನ್ನು ನಮ್ಮ ಪರಿಭಾಷೆ ಅಳಿಸಬಾರದು.