ಗೋಲಿನ ಹಿಂದಿನ ಕಾಲು

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಶಾಲಾ ಮಕ್ಕಳಿಗೆ ಕಬಡ್ಡಿ ಗೊತ್ತು. ರೈಡರನ ಕಾಲು ಹಿಡಿದವನಿಗೆ ಚಪ್ಪಾಳೆ. ಪಕ್ಕದಲ್ಲಿ ಸರಪಳಿ ಬಿಗಿಹಿಡಿದವನನ್ನು ಗಮನಿಸುವವರು ಕಡಿಮೆ. ಫುಟ್‌ಬಾಲ್‌ನಲ್ಲಿ ಮಿಡ್‌ಫೀಲ್ಡರ್‌ನ ಪಾಡೂ ಇದೇ.

1971ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಕಾರ್ಲ್ಟನ್ ಚಾಪ್‌ಮನ್ ಅಂಥ ಆಟಗಾರರು. ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ, 1993ರಲ್ಲಿ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಬಾರಿಸಿದರು. ತಂಡ 6-2ರಿಂದ ಗೆದ್ದಿತು.

ಗೋಲು ಹೊಡೆಯಬಲ್ಲವರಾದರೂ ಅವರ ಮುಖ್ಯ ಕೆಲಸ ಮುಂಚೂಣಿಯವರಿಗೆ ಚೆಂಡು ಒದಗಿಸುವುದು. 1995ರಲ್ಲಿ ಪಂಜಾಬಿನ ಜೆಸಿಟಿ ಸೇರಿದ ಅವರು ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ ಆಡಿದರು. 1996-97ರ ಮೊದಲ ರಾಷ್ಟ್ರೀಯ ಲೀಗ್ ಜೆಸಿಟಿಯ ಪಾಲಾಯಿತು. ಹಾವೇರಿ ಜಿಲ್ಲೆ ಉದಯಿಸಿದ 1997ರಲ್ಲೇ ಚಾಪ್‌ಮನ್ ನಾಯಕತ್ವದ ಭಾರತ ಸ್ಯಾಫ್ ಕಪ್ ಗೆದ್ದಿತು.

2001ರಲ್ಲಿ ಈಸ್ಟ್ ಬೆಂಗಾಲ್‌ಗೆ ಲೀಗ್ ಪ್ರಶಸ್ತಿ ತಂದು ನಿವೃತ್ತರಾದರು. ತಾವು ಕಲಿತ ಅಕಾಡೆಮಿಯಲ್ಲೇ ತರಬೇತುದಾರರೂ ಆದರು. 2020ರ ಅಕ್ಟೋಬರ್ 12ರಂದು, 49ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಆಟ ಮುಗಿಸಿ ಬಂದ ಮಗುವನ್ನು 'ಎಷ್ಟು ಗೋಲು ಹೊಡೆದೆ?' ಎಂದು ಕೇಳುವ ಪಾಲಕರು, 'ಯಾರಿಗೆ ಚೆಂಡು ಕೊಟ್ಟೆ?' ಎಂದೂ ಕೇಳಲಿ.