ರಸ್ತೆ ನಡುವಿನ ಹೂಗಿಡಕ್ಕೆ ನೀರು ಹಾಕುವವರು ಯಾರು?

ಮಕ್ಕಳೇ, ಗಿಡ ನೆಡುವ ದಿನ ಎಲ್ಲರೂ ಬರುತ್ತಾರೆ. ಫೋಟೊಕ್ಕೂ ನಿಲ್ಲುತ್ತಾರೆ. ಮರುದಿನದಿಂದ ನೀರು ಹಾಕುವವರು ಯಾರು? ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ. ನೆಡುವುದು ಸುಲಭ, ಸಾಕುವುದೇ ಕಷ್ಟ ಎನ್ನುತ್ತಾರೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸ್ಯಾನ್ ಡಿಯಾಗೊ ಎಂಬ ನಗರವಿದೆ. ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 25 ಸೆಂಟಿಮೀಟರ್ ಮಾತ್ರ. ಬೇಸಿಗೆಯಲ್ಲಂತೂ ಹನಿ ಮಳೆಯೂ ಅಪರೂಪ. ಆದರೂ ಅನೇಕ ಬಡಾವಣೆಗಳಲ್ಲಿ ರಸ್ತೆಯ ನಡುವೆ ಹೂಗಿಡಗಳು, ಪಕ್ಕದಲ್ಲಿ ನೆರಳಿನ ಮರಗಳು ಇವೆ. ಇದರ ಖರ್ಚು ಹೇಗೆ ನಡೆಯುತ್ತದೆ?

ಎಲ್ಲ ಬಡಾವಣೆಗಳಿಗೂ ಬೇಕಾದ ಸಾಮಾನ್ಯ ಕೆಲಸವನ್ನು ನಗರಾಡಳಿತವೇ ಮಾಡುತ್ತದೆ. ಅದಕ್ಕಿಂತ ಹೆಚ್ಚಿನ ಅಂದ ಬೇಕೆಂದರೆ ಆ ಬಡಾವಣೆಯನ್ನು ಒಂದು 'ನಿರ್ವಹಣಾ ವಲಯ'ವಾಗಿ ಮಾಡಿ, ಅಲ್ಲಿನ ಮನೆ, ಅಂಗಡಿ, ನಿವೇಶನಗಳ ಮಾಲೀಕರಿಂದ ವರ್ಷಕ್ಕಿಷ್ಟು ಎಂದು ವಂತಿಗೆ ಪಡೆಯುತ್ತಾರೆ. ಅದು ಆಸ್ತಿ ತೆರಿಗೆಯ ಬಿಲ್ಲಿನ ಜೊತೆಗೇ ಬರುತ್ತದೆ. ಒಂದು ವಲಯದ ಹಣವನ್ನು ಅದೇ ವಲಯಕ್ಕೆ ಖರ್ಚು ಮಾಡಬೇಕು. ಇಂಥ ವ್ಯವಸ್ಥೆಗಾಗಿ ಕ್ಯಾಲಿಫೋರ್ನಿಯಾ 1972ರಲ್ಲೇ ಒಂದು ಕಾಯ್ದೆ ಮಾಡಿತ್ತು.

ಹಾಗಂತ ಮಾಲೀಕರನ್ನು ಕೇಳದೆ ವಂತಿಗೆ ಹೇರುವಂತಿಲ್ಲ. 1996ರಲ್ಲಿ ಅಲ್ಲಿನ ಜನರೇ ಮತ ಹಾಕಿ ರಾಜ್ಯದ ಸಂವಿಧಾನಕ್ಕೆ ಈ ನಿಯಮ ಸೇರಿಸಿದರು. ಸಭೆಗೆ ಕನಿಷ್ಠ 45 ದಿನ ಮೊದಲೇ ಪ್ರತಿ ಮಾಲೀಕರಿಗೂ ಅಂಚೆಯಲ್ಲಿ ಮತಪತ್ರ ಹೋಗಬೇಕು. ಹೆಚ್ಚು ಕೊಡಬೇಕಾದವರ ಮತಕ್ಕೆ ಹೆಚ್ಚು ತೂಕ. ಒಂದು ಮನೆಗೆ 40 ಡಾಲರ್, ದೊಡ್ಡ ಅಂಗಡಿಗೆ 400 ಡಾಲರ್ ಎಂದುಕೊಳ್ಳಿ. ಆಗ ಆ ಅಂಗಡಿಯ ಒಂದು ಮತ ಹತ್ತು ಮನೆಗಳ ಮತಕ್ಕೆ ಸಮ! ಬಂದ ಮತಗಳಲ್ಲಿ 'ಬೇಡ' ಎನ್ನುವುದರ ತೂಕ ಹೆಚ್ಚಾದರೆ ವಂತಿಗೆ ಇಲ್ಲ.

ಇನ್ನೊಂದು ಚೆಂದದ ನಿಯಮವಿದೆ. ಬೇರೆ ಕಡೆಯಿಂದ ಬಂದವರೂ ಆ ಮರದ ನೆರಳಲ್ಲಿ ನಡೆಯುತ್ತಾರಲ್ಲ? ಎಲ್ಲರಿಗೂ ಸಿಗುವ ಆ ಲಾಭದ ಪಾಲನ್ನು ಬೇರೆಯಾಗಿ ಲೆಕ್ಕ ಹಾಕಬೇಕು. ಅದನ್ನು ಮಾಲೀಕರ ಮೇಲೆ ಹಾಕುವಂತಿಲ್ಲ. ಸರ್ಕಾರಿ ಜಾಗ ಎಂಬ ಒಂದೇ ಕಾರಣಕ್ಕೆ ವಂತಿಗೆಯಿಂದ ವಿನಾಯಿತಿಯೂ ಇಲ್ಲ.

ತೊಡಕುಗಳೂ ಇವೆ. ನೀರಿನ ದರ, ಕೆಲಸಗಾರರ ಕೂಲಿ ಏರುತ್ತಲೇ ಇರುತ್ತದೆ. ಮೊದಲೇ ಒಪ್ಪಿದ ಮಿತಿಗಿಂತ ವಂತಿಗೆ ಹೆಚ್ಚಿಸಬೇಕಾದರೆ ಮತ್ತೆ ಮತ ಕೇಳಬೇಕು. ಮಾಲೀಕರು ಒಪ್ಪದಿದ್ದರೆ ಇರುವ ಹಣದಲ್ಲೇ ಕೆಲಸ ಕಡಿಮೆ ಮಾಡಬೇಕಾಗುತ್ತದೆ. ಇನ್ನು, ಹೆಚ್ಚಿನ ಹಣ ಕೊಡಲಾಗದ ಬಡಾವಣೆಯ ಮಕ್ಕಳಿಗೆ ನೆರಳು ಬೇಡವೇ?

ಈ ಪ್ರಶ್ನೆಯನ್ನು ಇಂದು ರಾತ್ರಿ ಊಟದ ಹೊತ್ತಿಗೆ ಮನೆಯವರ ಮುಂದಿಡಿ. ಮನೆಗೊಂದು ಮತವೋ, ಕೊಡುವ ಹಣಕ್ಕೆ ತಕ್ಕ ಮತವೋ? ಚೀಟಿ ಹಾಕಿಸಿ ಎಣಿಸಿ. ಅಜ್ಜಿಯ ಚೀಟಿಯನ್ನು ಮಾತ್ರ ಮರೆಯಬೇಡಿ.